ಮಂಡಿ ನೋವಿದ್ದರೂ ಮಾಯಾ ಪಿರಮಿಡ್‌ಗಳನ್ನು ನೋಡಬಹುದೇ?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಅಪ್ಪ-ಅಮ್ಮ ಬಂದಾಗ ಮೆಕ್ಸಿಕೋದ ಮಾತು ಬಂದೇ ಬರುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಹಾಗಾಗಿ ಎಲ್ಲರಿಗೂ ಅಲ್ಲಿನ ಕಡಲತೀರದ ಊರು ಕಾಂಕೂನ್, ಅದರಾಚೆಗೆ ಹಿಂದೆ ಮಾಯಾ ಜನ ಕಟ್ಟಿದ ಪಿರಮಿಡ್‌ಗಳು ಹತ್ತಿರ ಅನ್ನಿಸುತ್ತವೆ. ಅದರ ಬೆನ್ನಿಗೇ ಈ ಪ್ರಶ್ನೆ ಬರುತ್ತದೆ: “ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಎರಡು ಮಹಡಿ ಹತ್ತಿದರೆ ಏದುಸಿರು. ಮಾಯಾ ಪಿರಮಿಡ್ ತೋರಿಸಲು ಕರೆದುಕೊಂಡು ಹೋಗಬಹುದಾ?”

ಹೋಗಬಹುದು. ಹೆದರಬೇಕಾದದ್ದು ಪಿರಮಿಡ್ಡಿಗಲ್ಲ, ಬಿಸಿಲಿಗೆ, ನಡೆಯಬೇಕಾದ ದೂರಕ್ಕೆ ಮತ್ತು ಇಳಿಯಬೇಕಾದ ಮೆಟ್ಟಿಲಿಗೆ. ಮುಖ್ಯ ಪಿರಮಿಡ್‌ಗಳನ್ನು ಹತ್ತಲು ಈಗ ಬಹುತೇಕ ಕಡೆ ಬಿಡುವುದೇ ಇಲ್ಲ. ಮೆಕ್ಸಿಕೋದ ಚಿಚೆನ್ ಇಟ್ಸಾದ ಕುಕುಲ್ಕಾನ್ ಪಿರಮಿಡ್ಡನ್ನು ಹತ್ತುವುದು 2006ರಲ್ಲೇ ನಿಂತಿತು. ಗ್ವಾಟೆಮಾಲಾದ ತಿಕಾಲ್‌ನ ಒಂದನೇ ದೇಗುಲಕ್ಕೂ ಮೆಕ್ಸಿಕೋದ ಪಲೆಂಕೆಯ ಶಾಸನ ದೇಗುಲಕ್ಕೂ ಅದೇ ನಿಯಮ. ಹತ್ತಲಾಗದವರು ಏನನ್ನೋ ಕಳೆದುಕೊಳ್ಳುತ್ತಾರೆ ಎಂಬ ಕೊರಗು ಬೇಡ. ಆ ಮೆಟ್ಟಿಲುಗಳು ಅರಸರಿಗೆ ಮತ್ತು ಪೂಜಾರಿಗಳಿಗೆ. ಊರ ಜನ ನಿಂತು ನೋಡುತ್ತಿದ್ದದ್ದು ಕೆಳಗಿನ ಅಂಗಳದಿಂದ, ಕಟ್ಟಡ ಕಟ್ಟಿದ್ದೂ ಆ ನೋಟಕ್ಕಾಗಿಯೇ.

ಲೆಕ್ಕ ಹಾಕಿದರೆ ಈ ಮೆಟ್ಟಿಲುಗಳ ಸ್ವಭಾವ ತಿಳಿಯುತ್ತದೆ. ಕುಕುಲ್ಕಾನ್‌ನ ಪ್ರತಿ ಬದಿಯಲ್ಲಿ 91 ಮೆಟ್ಟಿಲು, ಜಗತಿಯ (ದೇಗುಲ ನಿಂತ ಕಟ್ಟೆಯ) ಎತ್ತರ ಸುಮಾರು 24 ಮೀಟರ್. ಅಂದರೆ ಒಂದೊಂದು ಮೆಟ್ಟಿಲು 26 ಸೆಂಟಿಮೀಟರ್ ಎತ್ತರ. ನಮ್ಮ ಮನೆಗಳ ಮೆಟ್ಟಿಲು 15ರಿಂದ 17. ಮೆಕ್ಸಿಕೋದಲ್ಲೇ ಇರುವ ಕೋಬಾದ ನೊಹೊಚ್ ಮುಲ್ ಪಿರಮಿಡ್ಡಿನಲ್ಲಿ 42 ಮೀಟರಿಗೆ ಸುಮಾರು 120 ಮೆಟ್ಟಿಲು, ಒಂದಕ್ಕೆ 35 ಸೆಂಟಿಮೀಟರ್ ಬಂತು. ಎತ್ತರ ಹೀಗಿದ್ದರೂ ಪಾದವಿಡುವ ಜಾಗ ಮಾತ್ರ ಕಿರಿದು, ಅಂಚು ಸವೆದ ಸುಣ್ಣದಕಲ್ಲು. ಹತ್ತುವಾಗ ಉಸಿರು ಕಟ್ಟುತ್ತದೆ, ಕೂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರವನ್ನು ತಡೆಹಿಡಿಯಬೇಕು. ಅದಕ್ಕೇ ಅರ್ಧ ಇಳಿಯುವಷ್ಟರಲ್ಲಿ ಕಾಲು ನಡುಗುತ್ತದೆ, ಮಂಡಿಚಿಪ್ಪಿನ ಹಿಂದೆ ನೋವು ಏಳುತ್ತದೆ. ಅಲ್ಲಿ ಕೂತು ಸುಧಾರಿಸಿಕೊಂಡರೂ ಉಳಿದ ಮೆಟ್ಟಿಲು ಉಳಿದೇ ಇರುತ್ತದೆ. ಯಾವುದಾದರೂ ಚಿಕ್ಕ ಜಗತಿ ಹತ್ತಲು ಬಿಟ್ಟರೆ ‘ಹತ್ತಬಲ್ಲೆನೇ’ ಎಂದಲ್ಲ, ‘ಇಳಿಯಬಲ್ಲೆನೇ’ ಎಂದು ಕೇಳಿಕೊಂಡೇ ಮೊದಲ ಹೆಜ್ಜೆ ಇಡಿ. ಏರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ನೇರ ಇಳಿಯುವ ಬದಲು ಓರೆಯಾಗಿ, ಹಾವು ಹರಿದಂತೆ ಇಳಿದರೆ ಪಾದ ಪೂರ್ತಿ ಊರುತ್ತದೆ. ಊರುಗೋಲು ನೋವಿರುವ ಮಂಡಿಯ ಎದುರು ಬದಿಯ ಕೈಯಲ್ಲಿರಲಿ, ಅದರ ತುದಿಗೆ ರಬ್ಬರ್ ಬಿಲ್ಲೆ ಇರಲಿ. ಲೋಹದ ತುದಿ ನುಣ್ಣಗಿನ ಕಲ್ಲಿನ ಮೇಲೆ ಜಾರುತ್ತದೆ, ಕಲ್ಲಿಗೂ ಹಾನಿ.

ಹೆಚ್ಚಿನವರು ಹೋಗುವುದು ಚಿಚೆನ್ ಇಟ್ಸಾಗೆ. ಸೋಲುವವರೂ ಅಲ್ಲೇ ಹೆಚ್ಚು, ಕಾರಣ ಸಮಯದ ಆಯ್ಕೆ. ಕಾಂಕೂನಿನಿಂದ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಪ್ರವಾಸಿ ಬಸ್ಸುಗಳು ಹೋಟೆಲುಗಳಿಂದ ಜನರನ್ನು ಎತ್ತಿಕೊಂಡು ಬರುವಷ್ಟರಲ್ಲಿ ಹನ್ನೊಂದಾಗಿರುತ್ತದೆ. ನೆತ್ತಿಯ ಮೇಲೆ ಸೂರ್ಯ, ಸುತ್ತ ಜನಜಂಗುಳಿ, ಎರಡು ಗಂಟೆಯೊಳಗೆ ವಾಪಸ್ ಬನ್ನಿ ಎಂಬ ಗಡುವು. ನಿಧಾನ ನಡೆಯುವವರಿಗೆ ಈ ಏರ್ಪಾಡು ಒಗ್ಗುವುದೇ ಇಲ್ಲ. ಹಿಂದಿನ ರಾತ್ರಿ ಪಕ್ಕದ ಪಿಸ್ತೆಯಲ್ಲೋ, ಮುಕ್ಕಾಲು ಗಂಟೆ ದೂರದ ವಯಾದೊಲಿದ್‌ನಲ್ಲೋ ತಂಗಿ ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುವಾಗ ಅಲ್ಲಿರಿ. ಹತ್ತೂವರೆಗೆ ಹೊರಬಿದ್ದರೂ ನೋಡಬೇಕಾದದ್ದನ್ನು ನೋಡಿಯಾಗಿರುತ್ತದೆ. ಇಲ್ಲಿ ಟಿಕೆಟ್ ಎರಡು ಭಾಗ, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು. ಸಾಲೂ ಎರಡಿರಬಹುದು. ಹಿರಿಯರನ್ನು ನೆರಳಲ್ಲಿ ಕೂರಿಸಿ ಒಬ್ಬರೇ ಹೋಗಿ ಎರಡನ್ನೂ ತನ್ನಿ, ಪೆಸೊ ನಗದು ಇಟ್ಟುಕೊಂಡಿರಿ. ಶೌಚಾಲಯಕ್ಕೆ ಬಾಗಿಲಲ್ಲೇ ಹೋಗಿಬನ್ನಿ. ಒಳಹೊಕ್ಕ ಮೇಲೆ ಅದಕ್ಕಾಗಿಯೇ ಹಿಂತಿರುಗುವುದು ಇದ್ದ ಶಕ್ತಿಯನ್ನೆಲ್ಲ ತಿನ್ನುತ್ತದೆ.

ಒಳಗಿನ ನೆಲ ಸಮತಟ್ಟು, ಆದರೆ ನಯವಲ್ಲ. ಗಟ್ಟಿಮಣ್ಣು, ಜಲ್ಲಿ, ಅಲ್ಲಲ್ಲಿ ಮರದ ಬೇರು. ವಿಮಾನ ನಿಲ್ದಾಣದಲ್ಲಿ ಕೊಡುವಂಥ ಪುಟ್ಟ ಚಕ್ರದ ಗಾಲಿಕುರ್ಚಿಯ ಮುಂಗಾಲಿಗಳು ಜಲ್ಲಿಯಲ್ಲಿ ಹೂತು ನಿಲ್ಲುತ್ತವೆ. ದೊಡ್ಡ ಗಾಳಿಟೈರಿನದಾದರೆ ಮಾತ್ರ ತನ್ನಿ. ಜಲ್ಲಿ ಸಿಕ್ಕ ಕಡೆ ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆದರೆ ಸಲೀಸು.

ಕಡಿಮೆ ನಡಿಗೆಯ ಸುತ್ತು ಹೀಗಿರಲಿ. ಮೊದಲು ಪಿರಮಿಡ್ಡಿನ ಉತ್ತರದ ಮೆಟ್ಟಿಲ ಎದುರು, ಹತ್ತಿಪ್ಪತ್ತು ಮೀಟರ್ ದೂರದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಕ್ಕಿ ಕೂಗಿದಂತೆ ‘ಚಿಯಾಂವ್’ ಎಂದು ಮರುದನಿ ಬರುತ್ತದೆ. ಮಾಯಾ ಜನರಿಗೆ ಪವಿತ್ರವಾದ ಕೆಟ್ಸಾಲ್ ಹಕ್ಕಿಯ ಕೂಗಿಗೆ ಅದನ್ನು ಹೋಲಿಸುತ್ತಾರೆ. ಪ್ರತಿ ಮೆಟ್ಟಿಲೂ ದನಿಯನ್ನು ಕೊಂಚ ಕೊಂಚ ತಡವಾಗಿ ಹಿಂದಿರುಗಿಸುತ್ತದೆ, ಮೇಲೆ ಹೋದಷ್ಟೂ ಆ ಅಂತರ ಹಿಗ್ಗುತ್ತದೆ, ಹಾಗಾಗಿ ಸ್ವರ ಜಾರುತ್ತಾ ಇಳಿಯುತ್ತದೆ. ಇದು ಕೇಳುವುದು ನೆಲದ ಮೇಲೆ ನಿಂತವರಿಗೇ. ಅಲ್ಲಿಂದ ಪಶ್ಚಿಮಕ್ಕೆ ಚೆಂಡಾಟದ ಅಂಗಳ: 168 ಮೀಟರ್ ಉದ್ದ, 70 ಮೀಟರ್ ಅಗಲ. ಇದರ ಒಳ್ಳೆಯ ಕೆತ್ತನೆಗಳು ಗೋಡೆಯ ಬುಡದ ತಗ್ಗು ಜಗುಲಿಯ ಮೇಲಿವೆ. ತಲೆ ಕಡಿದ ಆಟಗಾರನ ಕುತ್ತಿಗೆಯಿಂದ ನೆತ್ತರು ಹಾವುಗಳಾಗಿ ಚಿಮ್ಮುವ ದೃಶ್ಯವನ್ನು ಒಂದು ಮೆಟ್ಟಿಲನ್ನೂ ಹತ್ತದೆ ನೋಡಬಹುದು. ಪಕ್ಕದಲ್ಲೇ ತಲೆಬುರುಡೆಗಳ ಸಾಲು ಕೆತ್ತಿದ ಜಗತಿ, ಅದೂ ಕಣ್ಣಿನ ಎತ್ತರಕ್ಕೇ ಇದೆ. ಆಮೇಲೆ ಯೋಧರ ದೇಗುಲ ಮತ್ತು ಸಾವಿರ ಕಂಬಗಳ ಸಾಲು. ಅಲ್ಲಿಗೆ ಸಾಕು. ಉತ್ತರದ ಪವಿತ್ರ ಕೊಳಕ್ಕೆ ಹೋಗಲು ಸುಮಾರು 300 ಮೀಟರ್, ಬರಲು ಮತ್ತೆ ಅಷ್ಟೇ, ಎರಡೂ ಬದಿ ಅಂಗಡಿಗಳು. ಕಾಲು ಸೋತಿದ್ದರೆ ಬಿಡಿ. ಶಕ್ತಿ ಉಳಿದಿದ್ದರೆ ಅದರ ಬದಲು ದಕ್ಷಿಣದ ಮರಗಳ ನೆರಳಿನಲ್ಲಿ ಎಲ್ ಕರಕೋಲ್ ಎಂಬ ದುಂಡು ವೀಕ್ಷಣಾಲಯದ ಕಡೆ ಹೋಗುವುದು ಮೇಲು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು-ರಾತ್ರಿ ಸಮವಾಗುವ ವಿಷುವದ ದಿನ ಮೆಟ್ಟಿಲಂಚಿನಲ್ಲಿ ಹಾವಿನ ನೆರಳು ಇಳಿಯುವುದನ್ನು ನೋಡಬೇಕೆಂಬ ಆಸೆ ಹಲವರಿಗೆ. ಆ ದಿನವೇ ಹೋದರೆ ಕೂರಲು ಜಾಗ ಸಿಗದು. ಹಿಂದಿನ ಮುಂದಿನ ಕೆಲವು ದಿನಗಳಲ್ಲೂ ಆ ನೆರಳು ಕಾಣುತ್ತದೆ. ಅದು ಇಳಿಬಿಸಿಲಿನ ಆಟ, ಅದನ್ನು ನೋಡಲು ಮಾತ್ರ ಇಳಿಹೊತ್ತಿಗೆ ಹೋಗಬೇಕಾಗುತ್ತದೆ.

ಬಸ್ ಪ್ರವಾಸಗಳಲ್ಲಿ ಸೆನೋತೆ, ಅಂದರೆ ಸುಣ್ಣದಕಲ್ಲು ಕುಸಿದು ಆದ ನೀರಿನ ಬಾವಿಯೂ ಸೇರಿರುತ್ತದೆ. ಚಿಚೆನ್ ಇಟ್ಸಾ ಹತ್ತಿರದ ಇಕ್ ಕಿಲ್ ಸೆನೋತೆಯಲ್ಲಿ ನೀರು ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ. ಒದ್ದೆ ಮೆಟ್ಟಿಲಲ್ಲಿ ಇಳಿದು, ಈಜಿ ಸುಸ್ತಾದ ಮೇಲೆ ಅದನ್ನೇ ಹತ್ತಬೇಕು. ಪಿರಮಿಡ್ ತಪ್ಪಿತೆಂದು ನೆಮ್ಮದಿಪಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದರೂ ಬಾವಿ ಚೆನ್ನಾಗಿ ಕಾಣುತ್ತದೆ.

ಬಿಸಿಲಿನ ವಿಷಯದಲ್ಲಿ ರಾಜಿ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇ ಅತಿ ಸೆಕೆ, ಹಿರಿಯರನ್ನು ಕರೆದೊಯ್ಯಲೇಬೇಡಿ. ನಮ್ಮ ಬಯಲುಸೀಮೆಯ ಬಿಸಿಲು ಕಂಡವರು ‘ನಮಗೆ ಇದು ಹೊಸದೇ’ ಎನ್ನುತ್ತಾರೆ. ಆದರೆ ಈ ಯುಕಟಾನ್ ಪ್ರದೇಶದ್ದು ಮಂಗಳೂರಿನಂಥ ತೇವದ ಸೆಕೆ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಗಂಟೆಗೆ ಅರ್ಧ ಲೀಟರ್ ನೀರು, ಅದನ್ನೂ ಗುಟುಕು ಗುಟುಕಾಗಿ. ಒಂದು ಪೊಟ್ಟಣ ಓಆರ್‌ಎಸ್ ಚೀಲದಲ್ಲಿರಲಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ. ಇನ್ಸುಲಿನ್ ಕಾರಿನಲ್ಲಿ ಬಿಡಬೇಡಿ. ತಲೆಸುತ್ತು, ವಾಕರಿಕೆ ಬಂದರೆ ಸುತ್ತು ಅಲ್ಲಿಗೇ ನಿಲ್ಲಿಸಿ, ನೆರಳಲ್ಲಿ ಮಲಗಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ. ಮಾತು ತಡವರಿಸಿದರೆ ಕಾಯದೆ 911ಕ್ಕೆ ಕರೆಮಾಡಿ.

ಬೇರೆ ತಾಣಗಳಲ್ಲಿ ಕೋಬಾ ನಡೆಯಲಾಗದವರಿಗೆ ಒಳ್ಳೆಯದು. ನೊಹೊಚ್ ಮುಲ್ ಬಾಗಿಲಿನಿಂದ ಸುಮಾರು 2 ಕಿಲೋಮೀಟರ್ ದೂರವಿದ್ದರೂ ಒಳಗೆ ಸೈಕಲ್ ರಿಕ್ಷಾ ಸಿಗುತ್ತದೆ. ಇಬ್ಬರು ಮುಂದೆ ಕೂರುತ್ತಾರೆ, ಚಾಲಕ ಹಿಂದಿನಿಂದ ತುಳಿಯುತ್ತಾನೆ. ದಾರಿಯೆಲ್ಲ ಕಾಡಿನ ನೆರಳು. ಅಲ್ಲಿನ ಶಾಸನಕಲ್ಲುಗಳು ತುಂಬ ಸವೆದಿವೆ ಎಂಬುದೊಂದು ಕೊರತೆ. ತುಲುಮ್‌ನಲ್ಲಿ ಸಮುದ್ರದ ನೋಟ ಚೆಂದ, ನೆರಳು ಮಾತ್ರ ಇಲ್ಲವೇ ಇಲ್ಲ ಎನ್ನಬೇಕು. ಉಶ್ಮಲ್‌ನಲ್ಲಿ ಏರುತಗ್ಗು ಹೆಚ್ಚು, ಆದರೂ ಮಂತ್ರವಾದಿಯ ಪಿರಮಿಡ್ ಮತ್ತು ಅದರ ಹಿಂದಿನ ಚೌಕದ ಕಲ್ಲಿನ ಕಸೂತಿ ನೋಡಿದರೆ ಸಾಕು, ಎತ್ತರದ ಜಗತಿಯ ಅರಮನೆ ಬಿಟ್ಟುಬಿಡಬಹುದು. ಪಲೆಂಕೆಯಲ್ಲಿ ಶಾಸನ ದೇಗುಲವೂ ಅರಮನೆಯೂ ಮೇಲಿನ ಬಾಗಿಲಿಗೆ ಹತ್ತಿರ. ಅಲ್ಲಿಂದ ಜಲಪಾತದ ಪಕ್ಕ ಕಾಡಿನೊಳಗೆ ವಸ್ತುಸಂಗ್ರಹಾಲಯಕ್ಕೆ ಇಳಿಯುವ ದಾರಿಯಿದೆ. ಇಳಿಜಾರು ತಾನೇ ಎಂದು ನಂಬಿ ಹೋಗಬೇಡಿ, ಪಾಚಿಗಟ್ಟಿದ ಕಡಿದಾದ ಮೆಟ್ಟಿಲುಗಳವು. ಬಂದ ಬಾಗಿಲಿಗೇ ಮರಳಿ ವಾಹನದಲ್ಲಿ ಕೆಳಗೆ ಹೋಗಿ; 1952ರಲ್ಲಿ ಸಿಕ್ಕ ಪಕಾಲ್ ಅರಸನ ಶವಪೆಟ್ಟಿಗೆಯ ಪ್ರತಿಕೃತಿ ಆ ಸಂಗ್ರಹಾಲಯದಲ್ಲೇ ಇದೆ. ಗ್ವಾಟೆಮಾಲಾದ ತಿಕಾಲ್ ಮಾತ್ರ ಕಷ್ಟದ್ದೇ. ಬಾಗಿಲಿನಿಂದ ಮುಖ್ಯ ಅಂಗಳಕ್ಕೆ ಸುಮಾರು ಒಂದೂವರೆ ಕಿಲೋಮೀಟರ್, ಬೇರು ತುಂಬಿದ ಏರುದಾರಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಕಿರಿಗುವಾ ಮತ್ತು ಕೊಪಾನ್‌ಗೆ ಹೋಗಿ. ಪ್ರಚಾರ ಕಡಿಮೆ, ಆದರೆ ಮಾಯಾ ಶಿಲ್ಪದ ಅತ್ಯುತ್ತಮ ಕೆಲಸ ಈ ಎರಡು ಕಡೆ ನೆಲದ ಮಟ್ಟದಲ್ಲೇ ನಿಂತಿದೆ. ಗ್ವಾಟೆಮಾಲಾದ ಕಿರಿಗುವಾ ಬಾಳೆತೋಟಗಳ ನಡುವಿನ ಹುಲ್ಲು ಬಯಲು. ಅಲ್ಲಿ ಕೊರೆದು ನಿಲ್ಲಿಸಿದ ಶಾಸನಕಂಬಗಳಲ್ಲಿ ದೊಡ್ಡದು 771ರದ್ದು, ಹೂತ ಭಾಗವೂ ಸೇರಿ 10 ಮೀಟರಿಗೂ ಹೆಚ್ಚು ಉದ್ದದ ಒಂದೇ ಕಲ್ಲು. 738ರಲ್ಲಿ ಈ ಪುಟ್ಟ ಊರಿನ ಅರಸ ತನಗಿಂತ ದೊಡ್ಡದಾದ ಕೊಪಾನ್‌ನ ಅರಸನನ್ನು ಸೆರೆಹಿಡಿದು ಕೊಂದ. ಆ ಗೆಲುವಿನ ಗತ್ತು ಈ ಕಂಬಗಳಲ್ಲಿ ಕಾಣುತ್ತದೆ. ಸೋತು ಸತ್ತ ಆ ಅರಸನ ಮೂರ್ತಿಗಳನ್ನು ಹೊಂಡುರಾಸ್‌ನ ಕೊಪಾನ್‌ನಲ್ಲಿ ನೋಡಬಹುದು. ಅಲ್ಲಿನ ಜ್ವಾಲಾಮುಖಿಯ ಬೂದಿಗಲ್ಲು ಮೆತುವಾದ್ದರಿಂದ ಶಿಲ್ಪಿಗಳು ಅವನ್ನು ಸುತ್ತಲೂ ಉಬ್ಬುವಂತೆ ಕಡೆದಿದ್ದಾರೆ. ಸುಮಾರು 2,200 ಅಕ್ಷರಚಿತ್ರಗಳ ಶಾಸನ ಮೆಟ್ಟಿಲು ಇರುವುದೂ ಇಲ್ಲೇ, ಮೇಲೆ ಹೊದಿಕೆ ಹಾಕಿ ಕಾಪಾಡಿದ್ದಾರೆ. ಅದನ್ನು ಯಾರೂ ಹತ್ತುವಂತಿಲ್ಲ, ಎಲ್ಲರೂ ಕೆಳಗೆ ನಿಂತೇ ನೋಡಬೇಕು. ಪಿರಮಿಡ್ಡಿನೊಳಗಿನ ಇಕ್ಕಟ್ಟಿನ ಸುರಂಗಗಳಿಗೆ ಇಳಿಯಬೇಡಿ. ಒಳಗೆ ಹುದುಗಿರುವ ರೊಸಾಲಿಲಾ ದೇಗುಲದ ಪೂರ್ಣಗಾತ್ರದ ಪ್ರತಿಕೃತಿ, ಕೆಂಪು ಬಣ್ಣದ ಸಮೇತ, ಪಕ್ಕದ ಶಿಲ್ಪ ಸಂಗ್ರಹಾಲಯದಲ್ಲಿದೆ.

ಹೊರಡಲು ಎಂಟು ವಾರ ಇರುವಾಗಲೇ ತಯಾರಿ ಶುರುವಾಗಲಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಿ-ಕೂರಿ, ದಿನಕ್ಕೆ ಮೂರು ಸುತ್ತು. ವಾರಕ್ಕೆ ಮೂರು ದಿನ, ಕೈಗೆ ಗೋಡೆಯ ಆಸರೆ ಇಟ್ಟು, ಮನೆಯ ಕೊನೆಯ ಮೆಟ್ಟಿಲಿನಿಂದ ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗೆ ಕಾಲಿಡಿ. ಒಂದೊಂದು ಕಾಲಿಗೆ ಎಂಟು ಸಲ. ಇಳಿಯುವ ಶಕ್ತಿ ಬರುವುದು ಇದರಿಂದ, ಬರಿಯ ವಾಕಿಂಗಿನಿಂದಲ್ಲ. ಊದಿಕೊಂಡ ಮಂಡಿಗೆ ಇದು ಬೇಡ. ಕೊನೆಯ ವಾರ, ಹಾಕಿಕೊಂಡು ಹೋಗಲಿರುವ ಶೂಗಳಲ್ಲೇ ಉದ್ಯಾನದ ಮಣ್ಣುದಾರಿಯಲ್ಲಿ 3 ಕಿಲೋಮೀಟರ್ ನಡೆದು ನೋಡಿ, ಬೇಕಾದಷ್ಟು ಸಲ ಕೂತು. ಎರಡು ಗಂಟೆಯೊಳಗೆ ಮುಗಿದು ಮರುದಿನ ಮಂಡಿ ಊದದಿದ್ದರೆ ಚಿಚೆನ್ ಇಟ್ಸಾ, ಕೊಪಾನ್ ಎರಡೂ ಆಗುತ್ತದೆ. ಒಂದು ಕಿಲೋಮೀಟರಿಗೇ ಸಾಕೆನಿಸಿದರೆ ಕೋಬಾದ ರಿಕ್ಷಾ ಅಥವಾ ಕಿರಿಗುವಾದ ಹುಲ್ಲು ಬಯಲು.