ಕಾರವಾರದಿಂದ ಮಂಗಳೂರಿಗೆ ಸೈಕಲ್‌ನಲ್ಲಿ: ಕಿಲೋಮೀಟರ್‌ಗಿಂತ ಮೊದಲು ನದಿಗಳನ್ನು ಎಣಿಸಿ

ಕಾರವಾರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 270 ಕಿಲೋಮೀಟರ್. ಚೆನ್ನಾಗಿ ತುಳಿಯುವವರು ಎರಡೇ ದಿನದಲ್ಲಿ ಮುಗಿಸುತ್ತಾರೆ. ಆದರೆ ಹಾಗೆ ಹೋದರೆ ಕಡಲು ಕಾಣುವುದು ಮರವಂತೆಯಂಥ ಕೆಲವೇ ಕಡೆ. ಉಳಿದದ್ದೆಲ್ಲ ಲಾರಿ, ಡಿವೈಡರ್, ಟೋಲ್ ಗೇಟು. ಕಡಲಂಚಿನ ಸಣ್ಣ ರಸ್ತೆಗಳಲ್ಲೇ ಹೋಗಬೇಕು ಅಂತ ನನ್ನ ತಂಗಿಗೂ ನನಗೂ ಬಹಳ ದಿನದ ಆಸೆಯಿತ್ತು. ಅದೇ ಆಸೆ ನಿಮಗೂ ಇದ್ದರೆ ಐದು ದಿನ ಬಿಡುವು ಮಾಡಿಕೊಳ್ಳಿ.

ಮ್ಯಾಪ್ ತೆರೆದ ಕೂಡಲೇ ಒಂದು ವಿಷಯ ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಉದ್ದಕ್ಕೂ ಸಾಗುವ ಒಂದೇ ಕಡಲ ರಸ್ತೆ ಇಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಸೀತಾ, ಸ್ವರ್ಣಾ, ಉದ್ಯಾವರ, ಶಾಂಭವಿ, ನಂದಿನಿ, ಫಲ್ಗುಣಿ. ಇಷ್ಟು ನದಿಗಳು ಅಡ್ಡ ಬರುತ್ತವೆ. ಮೀನುಗಾರರ ಊರುಗಳ ರಸ್ತೆ ನದಿ ಕಡಲು ಸೇರುವ ಅಳಿವೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ದೂರ ಅಂತ ಲೆಕ್ಕ ಹಾಕುವ ಮೊದಲು, ಒಂದೊಂದು ನದಿಯನ್ನೂ ಎಲ್ಲಿ ದಾಟುತ್ತೀರಿ ಅಂತ ಬರೆದುಕೊಳ್ಳಿ: ಹೆದ್ದಾರಿ ಸೇತುವೆಯೋ, ಊರಿನ ಸೇತುವೆಯೋ, ದೋಣಿಯೋ. ದೋಣಿಯಿದ್ದರೆ ಮೊದಲನೆಯದು ಮತ್ತು ಕೊನೆಯದು ಎಷ್ಟು ಗಂಟೆಗೆ ಅಂತ ಹಿಂದಿನ ಸಂಜೆಯೇ ಊರವರನ್ನು ಕೇಳಿ. ಮ್ಯಾಪ್‌ನಲ್ಲಿ ಇದು ಸಿಗುವುದಿಲ್ಲ. ಸುಮ್ನೆ ಬಿಟ್ಟರೆ ಮ್ಯಾಪ್ ನಿಮ್ಮನ್ನು ಪ್ರತಿ ಸಲವೂ ಹೆದ್ದಾರಿಗೇ ಎಳೆಯುತ್ತದೆ.

ದಿಕ್ಕಿನ ಬಗ್ಗೆ ನನಗೆ ಸಂಶಯವೇ ಇಲ್ಲ. ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ತಂಪು ಗಾಳಿ ನೆಲದ ಕಡೆಯಿಂದ ಬರುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಶುರುವಾಗುತ್ತದೆ. ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೊರಟವರಿಗೆ ಅದು ಬೆನ್ನಿಗೆ ಸಿಗುತ್ತದೆ. ಎದುರಿಗೆ ಸಿಕ್ಕರೆ ಸಂಜೆಯ ಇಪ್ಪತ್ತು ಕಿಲೋಮೀಟರ್ ತುಂಬಾ ಭಾರ. ಇನ್ನೊಂದು ಕಾರಣ ರೈಲು. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದಲ್ಲೇ ಕೊನೆಯಾಗುತ್ತದೆ. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿದ ಸೈಕಲ್ಲನ್ನು ಅಲ್ಲಿ ಗಡಿಬಿಡಿಯಿಲ್ಲದೆ ಇಳಿಸಬಹುದು. ನಡುವಿನ ಸಣ್ಣ ಸ್ಟೇಷನ್‌ಗಳಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ. ಬಸ್ಸಾದರೆ ಮುಂದಿನ ಚಕ್ರ ಬಿಚ್ಚಿ ಡಿಕ್ಕಿಯಲ್ಲಿ ಹಾಕಬೇಕು. ಗೇರಿನ ಬದಿ ಮೇಲೆ ಬರುವ ಹಾಗೆ ನೀವೇ ನಿಂತು ಮಲಗಿಸಿ.

ಕಾರವಾರದಿಂದ ಅಂಕೋಲೆಯವರೆಗೆ ಹೆದ್ದಾರಿ ತಪ್ಪಿದ್ದಲ್ಲ. ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ, ಏರಿಳಿತ ಜಾಸ್ತಿ. ಬೆಳಕು ಹರಿಯುತ್ತಲೇ ಹೊರಟರೆ ಲಾರಿಗಳ ಕಾಟ ಕಡಿಮೆ. ಅಂಕೋಲೆ ದಾಟಿದ ಮೇಲೆ ಗಂಗಾವಳಿ ಪಕ್ಕದಲ್ಲೇ ಶಿರೂರು ಬರುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಪ್ರಾಣ ಕಳೆದುಕೊಂಡದ್ದು ಇಲ್ಲೇ. ಕಡಿದ ಗುಡ್ಡವನ್ನು ಕಣ್ಣಾರೆ ನೋಡಿದರೆ ಮಳೆಗಾಲದಲ್ಲಿ ಈ ದಾರಿ ಬೇಡ ಅಂತ ಯಾಕೆ ಹೇಳುತ್ತೇನೆ ಅಂತ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಲೇಬೇಡಿ. ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಸೆಖೆ, ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಒದ್ದೆ.

ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದರೆ ಗೋಕರ್ಣಕ್ಕೆ ಸುಮಾರು ಹತ್ತು ಕಿಲೋಮೀಟರ್. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯನ್ನು ದಾಟಿ ಅದೇ ದಿನ ಈ ಆಗರದ ಬದುವಿನ ಪಕ್ಕ ನಿಂತಾಗ, ಈ ಸೀಮೆಯ ಜನರಿಗೆ ಉಪ್ಪು ಅಂದರೆ ಏನು ಅಂತ ಮನಸ್ಸಿಗೆ ತಟ್ಟಿತು. ಗೋಕರ್ಣದಲ್ಲಿ ಶನಿವಾರ, ಭಾನುವಾರ ರೂಮು ಸಿಗುವುದು ಕಷ್ಟ, ರೇಟೂ ಜಾಸ್ತಿ. ಮುರುಡೇಶ್ವರದಲ್ಲೂ ಅಷ್ಟೇ. ಸೋಮವಾರ ಕಾರವಾರ ಬಿಟ್ಟರೆ ಈ ಎರಡೂ ಊರು ವಾರದ ನಡುವೆ ಸಿಗುತ್ತವೆ. ಎಲ್ಲೇ ಉಳಿದರೂ ನೆಲಮಹಡಿಯ ರೂಮು ಕೇಳಿ, ಸೈಕಲ್ಲನ್ನು ಒಳಗೇ ಇಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ತದಡಿ. ಇಡೀ ಪ್ರಯಾಣದಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಜಾಗಗಳಲ್ಲಿ ಇದು ಒಂದು. ಗೋಕರ್ಣದಿಂದ ಸ್ವಲ್ಪ ದೂರಕ್ಕೇ ಮೀನುಗಾರಿಕಾ ಬಂದರು. ಅಲ್ಲಿಂದ ಅಘನಾಶಿನಿ ನದಿ ದಾಟಿದರೆ ಆ ದಡದ ಊರಿನ ಹೆಸರೂ ಅಘನಾಶಿನಿ. ಸೈಕಲ್ಲನ್ನು ದೋಣಿಗೆ ಹತ್ತಿಸುವಾಗ ಚೀಲ ಬಿಚ್ಚಿ ಬೇರೆ ಕೊಡಿ. ಹ್ಯಾಂಡಲ್ ಹಿಡಿದುಕೊಂಡೇ ನಿಲ್ಲಿ. "ಹೆದರಬೇಡ ತಂಗೀ, ಇಲ್ಲಿ ಬೈಕೇ ದಾಟ್ತದೆ" ಅಂತ ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಅಮ್ಮ ನನ್ನ ತಂಗಿಗೆ ಧೈರ್ಯ ಹೇಳಿದರು. ಈ ನದಿಗೆ ಅಣೆಕಟ್ಟು ಇಲ್ಲ. ಇಳಿತದ ಹೊತ್ತಿಗೆ ಹೋದರೆ ಹೆಂಗಸರು, ಗಂಡಸರು ನೀರಿಗಿಳಿದು ಬಳಚು (ಚಿಪ್ಪುಮೀನು) ಹೆಕ್ಕುವುದು ಕಾಣುತ್ತದೆ. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಹೆದ್ದಾರಿಯಲ್ಲಿ ಮಿರ್ಜಾನ್ ಕಡೆಯಿಂದ ಬಂದರೆ ಇದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಆ ದಡದಿಂದ ಕಾಗಾಲ ಮೇಲೆ ಕುಮಟೆಗೆ ಹೋಗುವ ರಸ್ತೆಯಲ್ಲಿ ತೆಂಗಿನ ತೋಟ, ಮನೆಯಂಗಳ, ಶಾಲೆಗೆ ಹೊರಟ ಮಕ್ಕಳು. ವಾಹನ ಅಪರೂಪ. ಇಲ್ಲಿ ಅವಸರ ಮಾಡಬೇಡಿ.

ಕುಮಟೆಯಿಂದ ಹೊನ್ನಾವರಕ್ಕೆ, ಅಲ್ಲಿಂದ ಮುರುಡೇಶ್ವರಕ್ಕೆ ಬಹುಪಾಲು ಹೆದ್ದಾರಿಯೇ. ಶರಾವತಿ ದಾಟಿದ ಕೂಡಲೇ ಕಾಸರಕೋಡು. 2020ರಲ್ಲಿ ಪಡುಬಿದ್ರಿಯ ಜೊತೆಗೇ, ಸ್ವಚ್ಛ ಕಡಲ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ತೀರ. ಮಧ್ಯಾಹ್ನ ನೆರಳಲ್ಲಿ ಕೂರಲು ಒಳ್ಳೆಯದು. ಭಟ್ಕಳ ದಾಟಿ ಬೈಂದೂರಿನ ಹತ್ತಿರ ಒತ್ತಿನೆಣೆ ಏರು ಸ್ವಲ್ಪ ದಮ್ಮು ಕಟ್ಟಿಸುತ್ತದೆ.

ಹೆದ್ದಾರಿಯ ತುಂಡುಗಳಿಗೆ ಒಂದೆರಡು ಮಾತು. ರಾಂಗ್ ಸೈಡಿನಲ್ಲಿ ಬರುವ ಬೈಕುಗಳು ರಸ್ತೆಯಂಚಿನಲ್ಲೇ ಎದುರಾಗುತ್ತವೆ, ಅಲ್ಲಿ ಕತ್ತು ಬಗ್ಗಿಸಿ ತುಳಿಯಬೇಡಿ. ಹ್ಯಾಂಡಲ್‌ಗೆ ಒಂದು ಕನ್ನಡಿ ಇರಲಿ. ಕುಂದಾಪುರದಿಂದ ಮುಂದೆ ಎಕ್ಸ್‌ಪ್ರೆಸ್ ಬಸ್ಸುಗಳು ಹಾರ್ನ್ ಹೊಡೆದರೆ ಅಂಚಿಗೆ ಸರಿದು ನಿಂತುಬಿಡಿ. ಅವುಗಳ ಜೊತೆ ಹಟ ಮಾಡುವುದರಲ್ಲಿ ಅರ್ಥವಿಲ್ಲ. ಕತ್ತಲಾದ ಮೇಲೆ ಹೆದ್ದಾರಿ ಬೇಡವೇ ಬೇಡ. ಹೆಂಗಸರಿಗೆ ಶೌಚಾಲಯ ಸಿಗುವುದು ಪೆಟ್ರೋಲ್ ಬಂಕ್, ದೊಡ್ಡ ಹೋಟೆಲ್, ದೇವಸ್ಥಾನಗಳಲ್ಲಿ. ಒಳರಸ್ತೆಗೆ ಇಳಿಯುವ ಮೊದಲೇ ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು ಅಂತ ತಂಗಿ ಇದನ್ನು ಬರೆಯಲೇಬೇಕು ಅಂದಿದ್ದಾಳೆ.

ಮರವಂತೆಯಲ್ಲಿ ಹೆದ್ದಾರಿಯೇ ಕಡಲ ರಸ್ತೆ. ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ. ಪಂಚಗಂಗಾವಳಿಯನ್ನು ಸೇತುವೆಗಳಲ್ಲಿ ದಾಟಿ ಕುಂದಾಪುರ ಸೇರಿ. ಕೋಟೇಶ್ವರದಿಂದ ಮುಂದೆ ಬೀಜಾಡಿ, ಗೋಪಾಡಿ ಕಡೆ ಇಳಿದರೆ ಮತ್ತೆ ಕಡಲಂಚು, ನೆಲ ಸಪಾಟು. ಅಲ್ಲೊಂದು ಗೂಡಂಗಡಿಯಲ್ಲಿ ಬನ್ಸ್ ತಿನ್ನುತ್ತಿದ್ದಾಗ "ಎಲ್ಲಿಗ್ ಹೋಪ್ದ್ ಮಾರಾಯ್ರೆ?" ಅಂತ ಕೇಳಿದವರೇ ಮುಂದಿನ ದಾರಿಯನ್ನೂ ಬಿಡಿಸಿ ಹೇಳಿದರು. ಸಾಸ್ತಾನದಲ್ಲಿ ಹಂಗಾರಕಟ್ಟೆಗೆ ತಿರುಗಿ, ಅಲ್ಲಿಂದ ದೋಣಿಯಲ್ಲಿ ಕೋಡಿ ಬೆಂಗ್ರೆ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಊರು. ದೋಣಿ ಇಲ್ಲದ ದಿನವಾದರೆ ಬ್ರಹ್ಮಾವರ, ಸಂತೆಕಟ್ಟೆ ಮೇಲೆ ಬಂದು ಕೆಮ್ಮಣ್ಣು, ಹೂಡೆಗೆ ಇಳಿಯಿರಿ. ಹೂಡೆಯಿಂದ ಮಲ್ಪೆ ಹತ್ತಿರ.

ನಾನು ಹೇಳಿದ ಎರಡನೆಯ ಜಾಗ ಮಲ್ಪೆಯ ಆಚೆ ಇದೆ. ಸೇತುವೆ ದಾಟಿ ಪಡುಕೆರೆಗೆ ಬಂದರೆ ಮಟ್ಟುವಿನವರೆಗೆ ಕಡಲಿಗೂ ಹೊಳೆಗೂ ನಡುವೆ ಸಣ್ಣ ರಸ್ತೆ. ಮನೆಗಳ ಬಾಗಿಲು ರಸ್ತೆಗೇ ತೆರೆದುಕೊಳ್ಳುತ್ತದೆ. ಬಲೆ ಸರಿಮಾಡುತ್ತ ಕೂತವರಿರುತ್ತಾರೆ, ಮೀನು ಒಣಗಲು ಹಾಕಿರುತ್ತಾರೆ. ನಿಧಾನವಾಗಿ ಹೋಗಿ, ಬೆಲ್ ಜಾಸ್ತಿ ಹೊಡೆಯಬೇಡಿ. ಮಳೆಗಾಲದ ಕಡಲ್ಕೊರೆತಕ್ಕೆ ಈ ರಸ್ತೆಯ ಅಂಚು ಕಿತ್ತುಹೋಗುವುದುಂಟು, ರಸ್ತೆಯ ಮೇಲೆ ಮರಳೂ ಬಂದಿರುತ್ತದೆ. ತಿರುವಿನಲ್ಲಿ ಮರಳು ಕಂಡರೆ ಬ್ರೇಕ್ ಒತ್ತದೆ ನೇರ ದಾಟಿ. ಮಟ್ಟುಗುಳ್ಳ ಅನ್ನುವ ಬದನೆ ಬೆಳೆಯುವುದು ಇದೇ ಮಟ್ಟುವಿನಲ್ಲಿ, 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಚಳಿಗಾಲದಲ್ಲಿ ಗದ್ದೆಯ ತುಂಬಾ ಗುಳ್ಳವೇ. ಮುಂದೆ ಕಾಪು, 1901ರ ದೀಪಸ್ತಂಭ. ಸಂಜೆ ಹೊತ್ತಿಗೆ ಮೇಲೆ ಹತ್ತಲು ಬಿಡುತ್ತಾರೆ. ಆ ರಾತ್ರಿ ಕಾಪುವಿನಲ್ಲೇ ಉಳಿಯಿರಿ.

ಕೊನೆಯ ದಿನ ಮೂಳೂರು, ಉಚ್ಚಿಲ, ಎರ್ಮಾಳು ಕಡೆಯ ಕಡಲ ರಸ್ತೆಯಲ್ಲಿ ಪಡುಬಿದ್ರಿ, ಆಮೇಲೆ ಮೂಲ್ಕಿ ಸೇತುವೆ. ಸುರತ್ಕಲ್‌ನಿಂದ ಪಣಂಬೂರುವರೆಗೆ ಟ್ಯಾಂಕರ್‌ಗಳ ಸಾಲು, ಅದೊಂದನ್ನು ಸಹಿಸಿಕೊಳ್ಳಬೇಕು. ಕೂಳೂರು ಸೇತುವೆಗೆ ಮೊದಲೇ ಬಲಕ್ಕೆ ತಿರುಗಿ ತಣ್ಣೀರುಬಾವಿಗೆ ಹೋದರೆ ಫಲ್ಗುಣಿಯನ್ನೂ ದೋಣಿಯಲ್ಲೇ ದಾಟಿ ಸುಲ್ತಾನ್ ಬತ್ತೇರಿಯಲ್ಲಿ ಇಳಿಯಬಹುದು. ಮಂಗಳೂರು ಪೇಟೆಯ ಟ್ರಾಫಿಕ್ ಅರ್ಧ ತಪ್ಪುತ್ತದೆ.

ಸೈಕಲ್ ಬಗ್ಗೆ: ದುಬಾರಿ ಸೈಕಲ್ ಬೇಕಿಲ್ಲ, ಆದರೆ ತೆಳ್ಳಗಿನ ಟೈರ್ ಬೇಡ. 35ರಿಂದ 40 ಮಿಲಿಮೀಟರ್ ಇದ್ದರೆ ಮರಳು, ಕಾಂಕ್ರೀಟು, ಜಲ್ಲಿ ಎಲ್ಲಕ್ಕೂ ಆಗುತ್ತದೆ. ಊರಿನ ಪಂಕ್ಚರ್ ಅಂಗಡಿಗಳಲ್ಲಿ ಗೇರ್ ಸೈಕಲ್ಲಿನ ಟ್ಯೂಬ್ ಸಿಗುವುದಿಲ್ಲ. ಎರಡು ಟ್ಯೂಬ್, ಪಂಪು, ಪ್ಯಾಚು ನಿಮ್ಮ ಹತ್ತಿರವೇ ಇರಲಿ. ದೋಣಿಗೆ, ಎಳನೀರಿಗೆ ಚಿಲ್ಲರೆ ಇಟ್ಟುಕೊಳ್ಳಿ. ಉಪ್ಪುಗಾಳಿಗೆ ಚೈನು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ದಿನವೂ ಸಂಜೆ ಒಣಬಟ್ಟೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಮನೆಗೆ ಬಂದ ದಿನವೇ ಇಡೀ ಸೈಕಲ್ಲನ್ನು ಸಿಹಿನೀರಲ್ಲಿ ತೊಳೆದು, ಸೀಟಿನ ಕೊಳವೆ ಬಿಚ್ಚಿ ಒಳಗಿನ ತೇವ ಒಣಗಿಸಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿ.