ಕುಂಬಳೆಯಿಂದ ಬದಿಯಡ್ಕಕ್ಕೆ: ಹಂದಿಯ ಕೆನ್ನೆ, ಊರಿನ ಹುಳಿ, ಜೊತೆಗೆ ಕುಡಿಯಲು ಏನು?

ಮಂಗಳೂರಿನಿಂದ ಹೊರಟು, ಕೇರಳ ಗಡಿಯ ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಕ್ಕೆ ಹೋದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಒಂದರ ಹಿಂದೊಂದು ಬರುತ್ತವೆ. ಕಡಲಬದಿಯ ಈ ಪೇಟೆಗಳಲ್ಲಿ ಮೀನು ಹೇರಳ, ಹಂದಿಮಾಂಸ ಅಪರೂಪ. ಅದು ಬೇಕಾದವರು ಕುಂಬಳೆಯಲ್ಲಿ ಎಡಕ್ಕೆ ತಿರುಗಿ ಬದಿಯಡ್ಕದ ರಸ್ತೆ ಹಿಡಿಯಬೇಕು. ಸೀತಾಂಗೋಳಿಯ ಮುರಕಲ್ಲಿನ ಪದವು ಕಳೆದ ಮೇಲೆ ಬೇಳ ಬರುತ್ತದೆ. 1890ರಲ್ಲಿ ಸ್ಥಾಪನೆಯಾದ, ಗೋಥಿಕ್ ಶೈಲಿಯ ಶೋಕಮಾತಾ ಇಗರ್ಜಿ ಇರುವುದು ಇಲ್ಲೇ. ಅಲ್ಲಿಂದ ನೀರ್ಚಾಲು, ಬದಿಯಡ್ಕ, ಪೆರ್ಲದವರೆಗೂ ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ, ಮನೆಮನೆಯ ಹಿತ್ತಲಲ್ಲಿ ಹುಳಿ ಕಾಯಿಯ ಮರಗಳು. ಕನ್ನಡ, ತುಳು, ಕೊಂಕಣಿ, ಮಲೆಯಾಳ ನಾಲ್ಕೂ ನಡೆಯುವ ಸೀಮೆ. ಕ್ರೈಸ್ತರ ಮನೆಗಳಲ್ಲಿ ಬಫಾತ್ (ಮಸಾಲೆ ಪುಡಿಯ ಹಂದಿಸಾರು), ತುಳುವರ ಮನೆಗಳಲ್ಲಿ ಪಂಜಿ ಸುಕ್ಕ (ತೆಂಗಿನತುರಿ ಹಾಕಿದ ಹಂದಿಯ ಒಣ ಪಲ್ಯ) ಎರಡೂ ಗಟ್ಟಿಯಾಗಿ ಬೇರೂರಿವೆ.

ಹೆಚ್ಚಿನವರು ಕೊಳ್ಳುವುದು ಚರ್ಮ, ಕೊಬ್ಬು, ಎಲುಬು ಸೇರಿದ ಮಿಶ್ರ ಮಾಂಸ. ತಲೆ ಬೇರೆಯೇ ಹೋಗುತ್ತದೆ, ಕಡಿಮೆ ಬೆಲೆಗೆ. ಆ ತಲೆಯಲ್ಲೇ ಇಡೀ ಹಂದಿಯ ಅತಿ ರುಚಿಯಾದ ಎರಡು ತುಂಡುಗಳಿವೆ: ಅಗಿಯುವ ಕೆನ್ನೆಯ ಸ್ನಾಯುಗಳು. ದಿನವಿಡೀ ದುಡಿದ ಸ್ನಾಯುವಾದ್ದರಿಂದ ಬಣ್ಣ ಗಾಢ ಕೆಂಪು, ಒಳಗೆಲ್ಲ ಬಿಳಿ ನಾರಿನ ಎಳೆಗಳು. ಅದರ ಕೆಳಗಿನ ಜೋಲು ಗಲ್ಲ ಬಹುಪಾಲು ಕೊಬ್ಬು. ಇಟಲಿಯವರು ಉಪ್ಪು ಹಾಕಿ ಒಣಗಿಸಿ ಗ್ವಾಂಚಾಲೆ ಮಾಡುವುದು ಈ ಜೋಲು ಭಾಗದಿಂದ. ಇವೆರಡನ್ನೂ ಒಂದೇ ಪಾತ್ರೆಗೆ ಹಾಕಬಾರದು. ಕೆನ್ನೆ ಬೇಯುವ ಹೊತ್ತಿಗೆ ಗಲ್ಲ ಕರಗಿ ಸಾರೆಲ್ಲ ಎಣ್ಣೆಯಾಗುತ್ತದೆ.

ಒಂದು ಹಂದಿಗೆ ಎರಡೇ ಕೆನ್ನೆ. ಬಿಡಿಸಿ ಶುದ್ಧ ಮಾಡಿದರೆ ಒಂದೊಂದು 100ರಿಂದ 200 ಗ್ರಾಂ. ಒಂದು ಕಿಲೋ ಬೇಕಿದ್ದರೆ ಕಡಿಮೆಯೆಂದರೂ ಮೂರು ತಲೆ ಬೇಕು, ಆದ್ದರಿಂದ ಹಿಂದಿನ ದಿನವೇ ಹೇಳಿಡಬೇಕು. ಇಗರ್ಜಿಗಳ ಸುತ್ತಲಿನ ಊರುಗಳಲ್ಲಿ ಭಾನುವಾರ ಬೆಳಿಗ್ಗೆ ವ್ಯಾಪಾರ ಜೋರು. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಕಡಿಮೆ. “ಅಣ್ಣ, ತಲೆ ಕೊಚ್ಚುವ ಮೊದಲು ಎರಡೂ ಕೆನ್ನೆ ಇಡಿಯಾಗಿ ಬಿಡಿಸಿಕೊಡಿ” ಎಂದು ಬಿಡಿಸಿ ಹೇಳಿ. ಮಚ್ಚಿನಿಂದ ಕೊಚ್ಚಿದ ಮೇಲೆ ಎಲುಬಿನ ಚೂರು ಸೇರಿದ ತುಂಡುಗಳನ್ನು ಸರಿಮಾಡಲು ಆಗುವುದಿಲ್ಲ. ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡ ಪ್ರದೇಶದ ಸುತ್ತ ಮಾರಾಟಕ್ಕೆ ನಿರ್ಬಂಧ ಬೀಳುತ್ತದೆ. ಆ ರೋಗ ಮನುಷ್ಯರಿಗೆ ತಗಲುವುದಿಲ್ಲ, ಆದರೆ ಅಂಗಡಿ ಮುಚ್ಚಿರುತ್ತದೆ. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಲೇಸು.

ತೊಳೆಯುವಾಗ ಕೆನ್ನೆಯ ಅಂಚಿನಲ್ಲಿ ಬೂದು-ಹಳದಿ ಬಣ್ಣದ, ಮೆತ್ತಗಿನ ಗಂಟುಗಳು ಸಿಗುತ್ತವೆ. ಅವು ಜೊಲ್ಲಿನ ಗ್ರಂಥಿ ಮತ್ತು ದುಗ್ಧರಸ ಗ್ರಂಥಿಗಳು. ಒಂದು ಉಳಿದರೂ ಸಾರಿಗೆ ಕಹಿ ಬರುತ್ತದೆ, ಬಾಯಿಗೆ ಸ್ಪಂಜಿನಂತೆ ಸಿಗುತ್ತದೆ. ಮೇಲಿನ ಬೆಳ್ಳಿ ಬಣ್ಣದ ಪೊರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ಒಳಗಿನ ಬಿಳಿ ಎಳೆಗಳನ್ನು ಮಾತ್ರ ಮುಟ್ಟಬೇಡಿ. ಸಾರಿಗೆ ಮಂದವೂ ಮಾಂಸಕ್ಕೆ ಜಿಗುಟೂ ಬರುವುದು ಅವುಗಳಿಂದಲೇ.

ಬೇಯಿಸುವ ಕ್ರಮ ಸರಳ, ಅವಸರ ಮಾತ್ರ ಸಲ್ಲದು. ಒಂದು ಕಿಲೋಗೆ 15 ಗ್ರಾಂ ಉಪ್ಪು, ಒಂದು ಚಮಚ ಅರಶಿನ, ಜಜ್ಜಿದ 30 ಗ್ರಾಂ ಶುಂಠಿ, ಹತ್ತು ಎಸಳು ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಇಡಿ. ಮಣ್ಣಿನ ಅಥವಾ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ 300 ಗ್ರಾಂ ಹೆಚ್ಚಿದ ನೀರುಳ್ಳಿ, ಒಂದು ಲೋಟ ನೀರು ಸೇರಿಸಿ, ಮುಚ್ಚಿ, ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುವಷ್ಟೇ ಉರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ನಾರು ಕರಗಲು 70 ಡಿಗ್ರಿ ಮೀರಿದ ಶಾಖ ಬಹಳ ಹೊತ್ತು ಬೇಕು. ಕೊತಕೊತ ಕುದಿಸಿದರೆ ನಾರೇನೋ ಕರಗುತ್ತದೆ, ಆದರೆ ಸ್ನಾಯು ಬಿಗಿದು ನೀರು ಬಿಟ್ಟು ಮಾಂಸ ಸೌದೆಯಂತಾಗುತ್ತದೆ. ಒಂದು ಗಂಟೆಯ ಹೊತ್ತಿಗೆ ಒಂದು ತುಂಡು ಬಾಯಿಗೆ ಹಾಕಿದವರು ‘ಹಳೇ ಹಂದಿ’ ಎಂದು ಅಂಗಡಿಯವರನ್ನು ದೂರುವುದುಂಟು. ಆ ಹೊತ್ತಿನಲ್ಲಿ ಯಾವ ಕೆನ್ನೆಯೂ ಗಟ್ಟಿಯೇ. ಚಮಚದ ಹಿಡಿಕೆ ತಡೆಯಿಲ್ಲದೆ ಇಳಿದರೆ ಬೆಂದಂತೆ. ಕುಕ್ಕರ್ ಆದರೆ ಮೊದಲ ಸೀಟಿಯ ಬಳಿಕ ಸಣ್ಣ ಉರಿಯಲ್ಲಿ 30 ನಿಮಿಷ, ಆಮೇಲೆ ಆವಿ ತಾನಾಗಿ ಇಳಿಯಲಿ. ಬೇಗ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಹಚ್ಚುವವರಿದ್ದಾರೆ. ಕೆನ್ನೆಗೆ ಅದು ಬೇಡ. ಹೊರಮೈ ಹಿಟ್ಟಾಗುತ್ತದೆ, ನಡುವೆ ಗಟ್ಟಿಯೇ ಉಳಿಯುತ್ತದೆ.

ಮಸಾಲೆಗೆ ಬಫಾತ್ ಪುಡಿ: ಬ್ಯಾಡಗಿ ಮೆಣಸು 100 ಗ್ರಾಂ, ಕೊತ್ತಂಬರಿ 40, ಜೀರಿಗೆ 20, ಕಾಳುಮೆಣಸು 20, ಅರಶಿನ 10. ಹುರಿಯದೆ ಬಿಸಿಲಿಗೆ ಒಣಗಿಸಿ ಪುಡಿ ಮಾಡಿದರೆ ಬಣ್ಣ ಕೆಂಪಾಗಿಯೇ ನಿಲ್ಲುತ್ತದೆ. ಒಂದು ಕಿಲೋಗೆ ಮೂರು ದೊಡ್ಡ ಚಮಚ, ಬೇಯಲು ಅರ್ಧ ಗಂಟೆ ಉಳಿದಿರುವಾಗ. ಕೆನ್ನೆಯ ಗಾಢ ರುಚಿ ಕಾಳುಮೆಣಸನ್ನು ಚೆನ್ನಾಗಿ ಹೊರುತ್ತದೆ, ಬದಿಯಡ್ಕದ ಕಡೆಯ ಮೆಣಸು ಸಿಕ್ಕಿದರೆ ಇನ್ನರ್ಧ ಚಮಚ ತರಿಯಾಗಿ ಜಜ್ಜಿ ಕೊನೆಗೆ ಹಾಕಿ. ತೆಂಗಿನ ಹಾಲು ಬೇಡವೇ ಬೇಡ. ಕರಗಿದ ನಾರಿನ ಮಂದದ ಮೇಲೆ ಅದೂ ಸೇರಿದರೆ ನಾಲಗೆ ಮರಗಟ್ಟುತ್ತದೆ. ಸುಕ್ಕಕ್ಕೆ ಹುರಿದ ತೆಂಗಿನತುರಿ ಒಂದು ಹಿಡಿ ಸಾಕು.

ಈ ಪ್ರಯಾಣದ ನಿಜವಾದ ಸಂಪತ್ತು ಹುಳಿ. ಕೆನ್ನೆಯ ಅಡುಗೆ ನಿಲ್ಲುವುದೂ ಬೀಳುವುದೂ ಅದರ ಮೇಲೆ, ಕುಡಿಯಲು ಏನು ಎಂಬುದನ್ನೂ ಮಾಂಸಕ್ಕಿಂತ ಹೆಚ್ಚಾಗಿ ಹುಳಿಯೇ ನಿರ್ಧರಿಸುತ್ತದೆ.

ಕೊಡಂಪುಳಿ, ಅಂದರೆ ಮಲಬಾರ್ ಹುಣಸೆ, ಹೊಗೆಯಲ್ಲಿ ಒಣಗಿದ್ದು. ಮೂರು ಎಸಳು ತೊಳೆದು ಮೊದಲಿನಿಂದಲೇ ಹಾಕಬಹುದು, ಎರಡು ಗಂಟೆ ಕುದಿದರೂ ಕೆಡದು. ಪುನರ್ಪುಳಿ (ಕೋಕಂ) ಹಾಗಲ್ಲ. ಎಂಟು ಒಣ ಸಿಪ್ಪೆ, ಕೊನೆಯ ಹತ್ತು ನಿಮಿಷ ಮಾತ್ರ. ಹೆಚ್ಚು ಹೊತ್ತು ಕುದಿದರೆ ಒಗರು ಏರುತ್ತದೆ, ಕೆಂಪು ಬಣ್ಣ ಕಂದಾಗುತ್ತದೆ. ಬಿಂಬುಳಿ ಉದ್ದನೆಯ ಹಸಿರು ಹುಳಿ ಕಾಯಿ, ಅದನ್ನು ಎರಡು ಪಾಲು ಮಾಡಿ: ಆರು ಕಾಯಿ ಕರಗಿ ಹೋಗಲು ಅರ್ಧ ದಾರಿಯಲ್ಲಿ, ನಾಲ್ಕು ಕಾಯಿ ಉದ್ದಕ್ಕೆ ಸೀಳಿ ಕೊನೆಯ ಐದು ನಿಮಿಷಕ್ಕೆ. ಕೆನ್ನೆಗೆ ನಮ್ಮ ಮೊದಲ ಆಯ್ಕೆ ಇದೇ. ಹಸಿ ಕಾಯಿಯ ಚುರುಕು ಹುಳಿ ಜಿಗುಟನ್ನು ಕತ್ತರಿಸಿದಷ್ಟು ಚೊಕ್ಕವಾಗಿ ಬೇರೆ ಹುಳಿ ಕತ್ತರಿಸದು. ಹುಣಸೆ ಹಾಕಿದರೆ ಸಾಂಪ್ರದಾಯಿಕ ಬಫಾತಿನ ರುಚಿ, ತಪ್ಪೇನಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಇವು ಯಾವುದನ್ನೂ ಕುದಿಸಬೇಡಿ, ಲೋಹದ ವಾಸನೆ ಹತ್ತುತ್ತದೆ. ಮಳೆಗಾಲದಲ್ಲಿ ಹೋದರೆ ಜೀಗುಜ್ಜೆ (ದಿವಿಹಲಸು), ಉಳಿದ ಕಾಲಕ್ಕೆ ಒಣಗಿಸಿಟ್ಟ ಹಲಸಿನ ಬೀಜ: ಎರಡೂ ಸಾರು ಹೀರಿಕೊಂಡು ಮಾಂಸದಷ್ಟೇ ರುಚಿಯಾಗುತ್ತವೆ.

ಕುಡಿಯಲು ಮೊದಲು ನೆನಪಾಗುವುದು ಕಳ್ಳು. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದ ಶಾಪುಗಳು ದಾರಿಯಲ್ಲಿ ಕಾಣುತ್ತವೆ. ಇಳಿಸಿದ ಕ್ಷಣದಿಂದ ಹುದುಗುತ್ತಲೇ ಇರುವ ಪಾನೀಯವಾದ್ದರಿಂದ ಹೊತ್ತು ನೋಡಿ ಜೋಡಿಸಬೇಕು. ಬೆಳಗಿನದು ಸಿಹಿ, ಕಾಳುಮೆಣಸಿನ ಸುಕ್ಕಕ್ಕೆ ಒಪ್ಪುತ್ತದೆ. ಸಂಜೆಯದು ಹುಳಿ, ಕೊಡಂಪುಳಿಯ ಹೊಗೆ ರುಚಿಯ ಜೊತೆ ನಿಲ್ಲುತ್ತದೆ. ಬಿಂಬುಳಿ ಹಾಕಿದ ಸಾರಿನ ಪಕ್ಕ ಸಂಜೆಯ ಕಳ್ಳು ಇಟ್ಟರೆ ಹುಳಿಗೆ ಹುಳಿ ಬಡಿದು ಮಾಂಸವೇ ಮಾಯವಾಗುತ್ತದೆ. ಕಳ್ಳಿನಿಂದ ಉಬ್ಬಿಸುವ, ಇಡ್ಲಿಯಂಥ ಸನ್ನ ಮಾಡುವುದಿದ್ದರೆ ಬೆಳಗಿನ ಕಳ್ಳೇ ಬೇಕು. ಅರ್ಧ ಕಿಲೋ ಅಕ್ಕಿಗೆ ಸುಮಾರು 200 ಮಿಲಿ ಹಾಕಿ ರುಬ್ಬಿ, ಹಿಟ್ಟು ಉಬ್ಬಿದ ಕೂಡಲೇ ಹಬೆಗೆ ಇಡಿ. ಉಬ್ಬಿದ್ದು ಮತ್ತೆ ಇಳಿಯುವತನಕ ಬಿಟ್ಟರೆ ಸನ್ನ ಚಪ್ಪಟೆ.

ಬಿಯರ್ ಕುಡಿಯುವವರು ಸ್ಟ್ರಾಂಗ್ ಬಿಟ್ಟು ಹಗುರ ಲಾಗರ್ ಅಥವಾ ಗೋಧಿ ಬಿಯರ್ ತೆಗೆದುಕೊಳ್ಳಲಿ. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ, ಕಹಿಯೂ ಖಾರವನ್ನು ಒರಟು ಮಾಡುತ್ತದೆ. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಸರಕಾರಿ ಮದ್ಯ ಮಾರಾಟದ ಬೆವ್‌ಕೋ ಮಳಿಗೆಗಳು ಮುಚ್ಚಿರುತ್ತವೆ. ಹಾಗೆಂದು ಮಂಗಳೂರಿನಿಂದ ಬಾಟಲಿ ಕಟ್ಟಿಕೊಂಡು ತಲಪಾಡಿ ದಾಟಬೇಡಿ, ಹೊರರಾಜ್ಯದ ಮದ್ಯ ತರುವುದು ಅಬಕಾರಿ ಅಪರಾಧ.

ಮದ್ಯ ಬೇಡದವರಿಗೆ ಈ ಜಿಲ್ಲೆ ಕಡಿಮೆ ಮಾಡಿಲ್ಲ. ಲಿಂಬೆ ಹಿಂಡಿದ ಏಲಕ್ಕಿಯ ಸುಲೈಮಾನಿ ಕೆನ್ನೆಯ ಊಟಕ್ಕೆ ಅದ್ಭುತ ಜೊತೆ. ಕಪ್ಪು ಚಹಾದ ಒಗರು ಅಂಗುಳಿಗೆ ಅಂಟಿದ ಜಿಡ್ಡನ್ನು ತೊಳೆಯುತ್ತದೆ. ಸಕ್ಕರೆ ಅರ್ಧ ಚಮಚ ಮೀರದಿರಲಿ. ಕಾಸರಗೋಡು ಪೇಟೆಯ ಹತ್ತಿರ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಹೊಂಬಾಳೆಯ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಣ್ಣಗೆ ಇಳಿಸಿ, ಹುದುಗದಂತೆ ಕಾಯುವ ‘ಕಲ್ಪರಸ’ದ ವಿಧಾನ ಅಲ್ಲಿಯದು. ಹುಳಿಯಿಲ್ಲದ ತಂಪು ಸಿಹಿಯಾದ್ದರಿಂದ ಬಿಂಬುಳಿ ಸಾರಿಗೆ ಕಳ್ಳಿಗಿಂತ ಇದೇ ಮೇಲು. ಪುನರ್ಪುಳಿ ಶರಬತ್ತನ್ನು ಪುನರ್ಪುಳಿ ಹಾಕಿದ ಸಾರಿನ ಜೊತೆ ಕೊಡುವುದು ಮಾತ್ರ ವ್ಯರ್ಥ, ಎರಡರಲ್ಲಿ ಒಂದು ಸಪ್ಪೆಯಾಗುತ್ತದೆ.

ಹಸಿ ಕೆನ್ನೆ ಊರಿಗೆ ಒಯ್ಯುವವರು ನೀರು ಬಸಿದು, ಒರೆಸಿ, ಕವರಿನಲ್ಲಿ ಗಾಳಿಯಿಲ್ಲದಂತೆ ಕಟ್ಟಿ, ಮಾಂಸದಷ್ಟೇ ತೂಕದ ಐಸ್ ಇರುವ ಪೆಟ್ಟಿಗೆಯಲ್ಲಿ ಇಡಬೇಕು. ಐಸ್ ನೀರು ಕವರಿನೊಳಗೆ ಇಳಿಯಬಾರದು. ಬೇಯಿಸಿ ಒಯ್ಯುವುದು ಇನ್ನೂ ಒಳ್ಳೆಯದು. ಸಾರಿನಲ್ಲೇ ಆರಿಸಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿ ಪದರವಾಗಿ ಕಟ್ಟುತ್ತದೆ. ಮುಕ್ಕಾಲು ಪಾಲು ತೆಗೆದು, ಉಳಿದದ್ದರ ಜೊತೆ ನಿಧಾನಕ್ಕೆ ಬಿಸಿ ಮಾಡಿ, ಕೊನೆಯ ಪಾಲಿನ ಬಿಂಬುಳಿಯನ್ನು ಆಗ ಸೇರಿಸಿ.