ಮಾಗಿಯಲ್ಲಿ ನಿಂತ ತೂಕ

ತೂಕ ಇಳಿಸಲು ಹೊರಟವರಿಗೆ ಮೊದಲ ಕೆಲವು ತಿಂಗಳು ಉತ್ಸಾಹದ ಕೊರತೆ ಬೀಳುವುದಿಲ್ಲ. ಅದನ್ನು ಸುತ್ತಲಿನ ಜನರೇ ಧಾರಾಳವಾಗಿ ಒದಗಿಸುತ್ತಾರೆ. ಆಷಾಢದಲ್ಲಿ 91 ಕಿಲೋ ಇದ್ದ ನಾನು ದಸರೆಯ ಹೊತ್ತಿಗೆ 83ಕ್ಕೆ ಬಂದಿದ್ದೆ. ಆ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎದುರಾದವರು, ಸರಸ್ವತಿಪುರಂನಲ್ಲಿ ನಮಗೆ ಹಾಲು ಕೊಡುವ ಬೂತಿನವರು, ಕಚೇರಿಯ ಪಕ್ಕದ ಮೇಜಿನವರು, ಹೀಗೆ ಎಲ್ಲರೂ ‘ಏನ್ ಸಾರ್, ಅರ್ಧ ಆಗ್ಬಿಟ್ರಲ್ಲ’ ಎಂಬರ್ಥದ ಒಂದು ಮಾತನ್ನು ಆಡಿಯೇ ಮುಂದೆ ಹೋಗುತ್ತಿದ್ದರು. ಬೆಲ್ಟಿಗೆ ಹೊಸ ತೂತು ಹಾಕಿಸಲು ಹೋದಾಗ ಚಪ್ಪಲಿ ಹೊಲಿಯುವವರು, ಮುಂದಕ್ಕೂ ಬೇಕಾದೀತೆಂದು ಒಂದರ ಬದಲು ಎರಡು ತೂತು ಹಾಕಿಕೊಟ್ಟರು. ಅಷ್ಟರಮಟ್ಟಿಗೆ ಎಲ್ಲರಿಗೂ ನನ್ನ ಮೇಲೆ ಭರವಸೆಯಿತ್ತು.

ಎರಡನೆಯ ತೂತಿನ ಅಗತ್ಯ ಬೀಳಲಿಲ್ಲ. ದೀಪಾವಳಿಯ ನಂತರ ತೂಕ 83ರ ಆಚೀಚೆ ನಿಂತುಬಿಟ್ಟಿತು. ನಮ್ಮ ಮನೆಯಲ್ಲಿರುವುದು ಮುಳ್ಳು ತಿರುಗುವ ಹಳೆಯ ತೂಕದ ಯಂತ್ರ. ಆ ಮುಳ್ಳು ಬೆಳಿಗ್ಗೆ ಒಂದು ಗೆರೆ ಮೇಲೆ, ಮರುದಿನ ಒಂದು ಗೆರೆ ಕೆಳಗೆ ಆಡುತ್ತ ಕಾರ್ತಿಕವನ್ನೂ ಮಾರ್ಗಶಿರವನ್ನೂ ಕಳೆಯಿತು. ನಡಿಗೆ ತಪ್ಪಿಸಿರಲಿಲ್ಲ, ರಾತ್ರಿಯ ಅನ್ನವನ್ನು ಮರಳಿ ತಂದಿರಲಿಲ್ಲ, ಕಾಫಿಗೆ ಸಕ್ಕರೆ ಹಾಕಿಸಿಕೊಂಡಿರಲಿಲ್ಲ. ಇಷ್ಟರ ನಡುವೆ ಜನರ ಮೆಚ್ಚುಗೆಯೂ ನಿಂತುಹೋಗಿತ್ತು. ಅವರ ಕಣ್ಣು ನನ್ನ ಹೊಸ ಮೈಗೆ ಒಗ್ಗಿಹೋಗಿತ್ತು, ಅದರಲ್ಲಿ ಅವರದೇನೂ ತಪ್ಪಿಲ್ಲ. ಆದರೆ ಪಥ್ಯ ಮಾತ್ರ ಮೊದಲಿನಷ್ಟೇ ಇತ್ತು. ಮಾಗಿಯ ಚಳಿಯಲ್ಲಿ ಐದೂವರೆಗೆ ಎದ್ದು ಕಂಬಳಿ ಮಡಿಸುವಾಗ, ಯಾವ ಫಲಕ್ಕಾಗಿ ಈ ಕಷ್ಟ ಎಂಬ ಪ್ರಶ್ನೆಗೆ ಉತ್ತರ ಹೊಳೆಯುತ್ತಿರಲಿಲ್ಲ.

ತೂಕ ನಿಲ್ಲುವುದಕ್ಕೆ ಕಾರಣಗಳಿವೆ, ಅವುಗಳನ್ನು ಆ ದಿನಗಳಲ್ಲಿ ಹುಡುಕಿ ಓದಿದೆ. ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲು ಸಾಕಷ್ಟಿರುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿನ ಜೊತೆಗೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ತಗ್ಗಿದಾಗ ಆ ದಾಸ್ತಾನು ಕರಗಿ ನೀರೂ ಹೊರಟುಹೋಗುವುದರಿಂದ ಮುಳ್ಳು ಸರಸರನೆ ಇಳಿಯುತ್ತದೆ. ಕೊಬ್ಬು ಅಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲರಿ ಅಡಗಿರುತ್ತದೆ; ದಿನಕ್ಕೆ 500ರಷ್ಟು ಕಡಿಮೆ ತಿಂದರೂ ಅದು ಕರಗಲು ಎರಡು ವಾರ ಬೇಕು. ಅಷ್ಟರಲ್ಲಿ ದೇಹವೇ ಚಿಕ್ಕದಾಗಿರುತ್ತದೆ. 91 ಕಿಲೋದ ಮೈಯನ್ನು ಕೆರೆಯ ಸುತ್ತ ಹೊತ್ತು ನಡೆಯಲು ಬೇಕಾದ ಶಕ್ತಿ 83 ಕಿಲೋದ ಮೈಗೆ ಬೇಕಿಲ್ಲ, ಸುಮ್ಮನೆ ಮಲಗಿರಲೂ ಬೇಕಿಲ್ಲ. ಸಾಲದೆಂಬಂತೆ, ಕೊಬ್ಬಿನ ಕೋಶಗಳಿಂದ ಹೊರಡುವ, 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗಿ ಹಸಿವು ಚುರುಕಾಗುತ್ತದೆ, ಅರಿವಿಗೆ ಬಾರದಂತೆ ಓಡಾಟವೂ ತಗ್ಗುತ್ತದೆ. ಕೆರೆಗೆ ಬರುವ ನೀರು ಮತ್ತು ತೂಬಿನಿಂದ ಹೋಗುವ ನೀರು ಸಮವಾದಾಗ ಮಟ್ಟ ಒಂದೇ ಕಡೆ ನಿಲ್ಲುವಂತೆ ತೂಕವೂ ನಿಲ್ಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದಾಗಲೂ ಅವರ ದೇಹಗಳು ಹೀಗೆಯೇ ಖರ್ಚನ್ನು ತಗ್ಗಿಸಿದ್ದವು. ಆ ಯುವಕರು ಮಂಕಾಗಿ, ಹೊತ್ತುಹೊತ್ತಿಗೂ ಊಟದ ಧ್ಯಾನದಲ್ಲೇ ಇರುತ್ತಿದ್ದರಂತೆ.

ಇದೆಲ್ಲ ತಿಳಿದ ಮೇಲೆ ಮನಸ್ಸಿಗೆ ಸಮಾಧಾನವೇನೋ ಆಯಿತು. ಆದರೆ ಕಾರಣ ತಿಳಿದರೆ ಉತ್ಸಾಹ ತಾನಾಗಿ ಬರುತ್ತದೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಲೆಪ್ಟಿನ್ ಬಗ್ಗೆ ಓದಿದ ಮರುದಿನವೂ ಕಂಬಳಿ ಅಷ್ಟೇ ಬೆಚ್ಚಗಿತ್ತು.

ಮಾಘಮಾಸದ ಒಂದು ಭಾನುವಾರ ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಬೀಗರ ಊಟವಿತ್ತು. ಹೊರಡುವ ಮುಂಚೆ ಯಂತ್ರದ ಮೇಲೆ ನಿಂತರೆ ಮುಳ್ಳು 83ನ್ನು ದಾಟಿ ಅರ್ಧ ಕಿಲೋದಷ್ಟು ಮೇಲಕ್ಕೇ ಇತ್ತು. ಇವತ್ತು ಮನಸಾರೆ ಉಂಡು ನಾಳೆಯಿಂದ ಈ ತಾಪತ್ರಯಕ್ಕೆ ಕೈಮುಗಿದುಬಿಡುವುದು ಎಂದು ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮುಕ್ಕಾಲು ಪಾಲು ತೀರ್ಮಾನಿಸಿದ್ದೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಊರ ಹತ್ತಿರ ಬಂದಂತೆ ಆಲೆಮನೆಯ ಹೊಗೆ ಮತ್ತು ಬಿಸಿಬೆಲ್ಲದ ವಾಸನೆ. ತೀರ್ಮಾನಕ್ಕೆ ಇದಕ್ಕಿಂತ ಅನುಕೂಲವಾದ ಹವೆ ಸಿಗುವುದು ಕಷ್ಟ.

ಮಂಡ್ಯ ಸೀಮೆಯ ಬೀಗರ ಊಟವನ್ನು ಕಾಣದವರಿಗೆ ಅದರ ಒತ್ತಡವನ್ನು ವಿವರಿಸುವುದು ಸುಲಭವಲ್ಲ. ಶಾಮಿಯಾನದ ಕೆಳಗೆ ಉದ್ದಕ್ಕೆ ಮೇಜು, ಮೇಜಿನ ಮೇಲೆ ಬಾಳೆಎಲೆ. ಮೊದಲು ಬೋಟಿ ಗೊಜ್ಜು, ಕೈಮ ಉಂಡೆ, ಆಮೇಲೆ ಮುದ್ದೆ, ಮುದ್ದೆಯ ಮೇಲೆ ಮಾಂಸದ ಸಾರು. ಬಡಿಸುವವರು ಅಪರಿಚಿತರಲ್ಲ; ಚಿಕ್ಕಪ್ಪನ ಮಕ್ಕಳು, ಭಾವಮೈದುನರು, ಬೇಡವೆಂದರೆ ಬೇಜಾರಾಗುವ ಹಕ್ಕುಳ್ಳವರು. ಎಲೆಗೆ ಬಿದ್ದ ಮುದ್ದೆಯಿಂದ ಹಬೆ ಏಳುತ್ತಿತ್ತು. ಅದರ ಮೈ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಬೆರಳಿಂದ ನೆತ್ತಿಯನ್ನು ಒತ್ತಿ ಗುಳಿ ಮಾಡಿದರೆ ಸಾರು ಅದರೊಳಗೆ ನಿಂತು, ಉಳಿದದ್ದು ಸುತ್ತಲೂ ಹರಿದು, ಅಂಚಿನಲ್ಲಿ ಕೆಂಪನೆಯ ಜಿಡ್ಡಿನ ಗೆರೆ ಕಟ್ಟಿತು. ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಉಪ್ಪುಖಾರ ಸರಿಯಾಗಿತ್ತು ಎಂದರೆ ಕಡಿಮೆ ಹೇಳಿದಂತೆ.

(ರಾಗಿಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂದು ಮೈಸೂರಿನ ವಾಕಿಂಗ್ ಗೆಳೆಯರು ಆಗಾಗ ಹೇಳುವುದುಂಟು. ರಾಗಿಯಲ್ಲಿ ಅಕ್ಕಿಗಿಂತ ನಾರು ಹೆಚ್ಚು, ಸುಣ್ಣದ ಅಂಶವಂತೂ ಬಹಳ ಹೆಚ್ಚು, ನಿಜ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿಯೂ 320 ಕಿಲೋ ಕ್ಯಾಲರಿಗೆ ಕಡಿಮೆ ಇಲ್ಲ. ನಮ್ಮೂರ ಮುದ್ದೆಯ ಗಾತ್ರ ನೋಡಿದವರು ಈ ನಂಬಿಕೆಯನ್ನು ತುಸು ಸಡಿಲಿಸಿಕೊಳ್ಳುವುದು ಒಳ್ಳೆಯದು.)

ಒಂದು ಮುದ್ದೆ ಮುಗಿಯಿತು. ಚಿಕ್ಕಪ್ಪನ ಕಿರಿಯ ಮಗ ಮುದ್ದೆಯ ಹೆಡಿಗೆ ಹಿಡಿದು ಎದುರಿಗೆ ನಿಂತ.

‘ಅಣ್ಣ, ಇನ್ನೊಂದ್ ಮುದ್ದೆ ಇಕ್ಲಾ?’

‘ಬ್ಯಾಡ ಕಣಪ್ಪ, ಸಾಕು.’

‘ಏನಣ್ಣ, ಮೈಸೂರಿಗೆ ಹೋಗಿ ಮುದ್ದೆ ಮರ್ತ್‌ಬುಟ್ಟಾ?’

ಅವನು ನಕ್ಕು ಮುಂದಿನ ಎಲೆಗೆ ಹೋದ ಮೇಲೆ ನನಗೇ ಸೋಜಿಗವಾಯಿತು. ಅಂದು ನಾನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಹೊಟ್ಟೆ ಬಿರಿಯುವಂತೆ ಉಣ್ಣಬೇಕೆಂದೇ ಬಂದಿದ್ದೆ. ಹೋದ ವರ್ಷ ಇಂಥದೇ ಊಟದಲ್ಲಿ ಎರಡನೆಯ ಮುದ್ದೆಯನ್ನು ಕೇಳಿ ಹಾಕಿಸಿಕೊಂಡು, ಅದರ ಮೇಲೆ ಅನ್ನವನ್ನೂ ಉಂಡವನಿಗೆ ಈಗ ಒಂದಕ್ಕೇ ಸಾಕೆನ್ನಿಸಿತ್ತು. ನಾಲಗೆಯನ್ನು ಬಿಗಿಹಿಡಿದು ಹೇಳಿದ ‘ಸಾಕು’ ಅದಲ್ಲ. ಅನ್ನ ಬಂದಾಗ ಒಂದು ಹಿಡಿ ಹಾಕಿಸಿಕೊಂಡು ಮಜ್ಜಿಗೆ ಕುಡಿದು ಎದ್ದೆ.

ಊಟದ ನಂತರ ಎಲೆಅಡಿಕೆಯ ತಟ್ಟೆಯ ಸುತ್ತ ಹೆಂಗಸರು ಕುಳಿತಿದ್ದ ಜಗುಲಿಗೆ ಹೋದೆ. ಮಂಡ್ಯದಲ್ಲಿರುವ ನನ್ನ ಅಕ್ಕ ಅಲ್ಲಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ನನಗಿಂತ ಮೊದಲೇ ವಾಕಿಂಗ್ ಹಿಡಿದು, ತೂಕ ಇಳಿಸಿ, ಆಮೇಲೆ ಬಿಟ್ಟವಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದಳು:

‘ಈಗ ಎಷ್ಟೈತ್ಲಾ ತೂಕ?’

‘ಎಂಬತ್ಮೂರು.’

‘ದೀಪಾವಳಿಗೂ ಅಷ್ಟೇ ಅಂದಿದ್ದೆ?’

‘ಅದೇ ಕಣಕ್ಕ ಗೋಳು. ಅಲ್ಲೇ ನಿಂತೈತೆ. ಬುಟ್ಬುಡನಾ ಅಂತಿವ್ನಿ.’

ಅವಳು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದಳು. ‘ನಂದು ಒಂಬತ್ತು ಕೆಜಿ ಇಳುದಿತ್ತು. ನಿಂತ್ಕತು. ನಿಂತ್ಕಂಡಾಗ ನಾನೂ ಹಿಂಗೇ ಬುಟ್ಟೆ. ಯುಗಾದಿಗೆ ಬುಟ್ಟೆ, ಗೌರಿ ಹಬ್ಬಕ್ಕೆ ಹನ್ನೊಂದು ಏರಿತ್ತು. ನಿಂದು ಏರಿಲ್ವಲ್ಲ, ಅದ್ಯಾಕೆ ಗೋಳು?’

ಇದನ್ನು ಅವಳು ಉಪದೇಶವಾಗಿ ಹೇಳಲಿಲ್ಲ. ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೇ ಇತ್ತು. ಆದರೆ ದೀಪಾವಳಿಯ ಹೋಳಿಗೆ, ಕಚೇರಿಯ ಬೀಳ್ಕೊಡುಗೆಗಳ ಮೈಸೂರು ಪಾಕು, ಸಂಕ್ರಾಂತಿಯ ಎಳ್ಳುಬೆಲ್ಲ, ಈಗ ಈ ಬೀಗರ ಊಟ, ಇವೆಲ್ಲವನ್ನೂ ದಾಟಿಕೊಂಡು 83 ತನ್ನ ಜಾಗ ಬಿಟ್ಟು ಮೇಲೇರಿಲ್ಲವೆಂಬ ಕಡೆಯಿಂದ ನಾನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಮರಳುವ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ತೂಕವನ್ನು ಎಲ್ಲಿಗೇ ಇಳಿಸಿದರೂ ಒಂದಲ್ಲ ಒಂದು ದಿನ ಇಳಿಸುವುದನ್ನು ನಿಲ್ಲಿಸಲೇಬೇಕು. ಅಲ್ಲಿಂದಾಚೆ ಉಳಿದ ಆಯುಷ್ಯದುದ್ದಕ್ಕೂ ಮಾಡಬೇಕಾದದ್ದು, ಹಬ್ಬ ಮದುವೆಗಳ ನಡುವೆ ಅದನ್ನು ಅಲ್ಲೇ ನಿಲ್ಲಿಸಿಕೊಳ್ಳುವ ಕೆಲಸ. ನಾನು ವ್ಯರ್ಥವೆಂದು ಗೊಣಗುತ್ತಿದ್ದ ತಿಂಗಳುಗಳಲ್ಲಿ ಮಾಡುತ್ತಿದ್ದದ್ದು ಆ ಕೆಲಸವನ್ನೇ, ಮತ್ತು ಅದು ಸುಮಾರಾಗಿ ಕೈಗೆ ಹತ್ತಿತ್ತು. ಎರಡನೆಯ ಮುದ್ದೆ ಬೇಡವೆನ್ನಿಸಿದ್ದು ಅದಕ್ಕೇ ಇರಬೇಕು.

ಇನ್ನೊಂದು ವಿಷಯವೂ ಇದೆ. ನಾನು ಪಥ್ಯ ಹಿಡಿದದ್ದು ಚೆಂದ ಕಾಣುವುದಕ್ಕಲ್ಲ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನ್ನ ಅಂಕ 6.2 ಬಂದಿತ್ತು, 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ರಿಂದ ಮೇಲೆ ಕಾಯಿಲೆಯೇ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು ಇದೇ ಹೊಸ್ತಿಲಿನಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ಸಂದರ್ಭದಲ್ಲಿ ಬಹಳ ಮುಖ್ಯವೆನ್ನಿಸುತ್ತದೆ. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ 55 ಶೇಕಡಾ ಜನರಿಗೆ ಕಾಯಿಲೆ ಬಂದರೆ, ಊಟ ತಿದ್ದಿಕೊಂಡು ನಿಯಮಿತವಾಗಿ ನಡೆದವರಲ್ಲಿ ಅದು ಸುಮಾರು 39 ಶೇಕಡಾದಲ್ಲಿ ನಿಂತಿತು. ಗಮನಿಸಬೇಕಾದದ್ದೆಂದರೆ, ಹೀಗೆ ತಪ್ಪಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ಮುಳ್ಳು ಅಲುಗದಿದ್ದರೂ ಊಟ ಮತ್ತು ನಡಿಗೆ ಒಳಗೆ ತಮ್ಮ ಕೆಲಸವನ್ನು ಮಾಡುತ್ತಿರುತ್ತವೆ.

ಆ ಭಾನುವಾರದ ನಂತರ ದಿನನಿತ್ಯ ತೂಕ ನೋಡುವುದನ್ನು ಬಿಟ್ಟು ವಾರಕ್ಕೊಮ್ಮೆ ಮಾತ್ರ ನೋಡುತ್ತಿದ್ದೇನೆ. ಉಪ್ಪಿನಕಾಯಿ ತುಸು ಹೆಚ್ಚಾದರೂ ಮೈಯಲ್ಲಿ ನೀರು ನಿಂತು ಮರುದಿನ ಮುಳ್ಳು ಮೇಲೇರುತ್ತದೆ. ಅಂಥದ್ದಕ್ಕೆ ಬೆಳಗಿನ ಮನಸ್ಸನ್ನು ಒತ್ತೆಯಿಡುವುದು ದಂಡ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ಬರೆದಿಡುತ್ತೇನೆ, ಏಕೆಂದರೆ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ದಾಟಬಾರದೆಂಬ ಮಿತಿಯಿದೆ, ಮತ್ತು ಆ ಮಿತಿಯೊಳಗೆ ನಾನು ಇನ್ನೂ ಇಳಿದಿಲ್ಲ. ವಾರದಲ್ಲಿ ಒಂದು ದಿನ ಕೆರೆಯ ಬದಲು ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲುಗಳಲ್ಲಿ ಸುಮಾರು 700ನೆಯದರ ಬಳಿ ನಂದಿ ಇದೆ. ಮಾಗಿಯಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಹಲವು ಕಡೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಈಗ ನಿಂತು ಉಸಿರು ತೆಗೆದುಕೊಂಡರೆ ಸಾಕು, ಕೂರುವ ಪ್ರಮೇಯವಿಲ್ಲ. ರಾತ್ರಿಯ ಊಟಕ್ಕೆ ಹುರುಳಿಕಾಳು ಇಲ್ಲವೇ ಮೊಟ್ಟೆ ಸೇರಿಸಿಕೊಂಡಿದ್ದೇನೆ, ಇಳಿಯುವ ತೂಕದೊಡನೆ ಸ್ನಾಯುವೂ ಕರಗಿಹೋಗದಿರಲೆಂದು. ಊಟವನ್ನು ಇನ್ನಷ್ಟು ತಗ್ಗಿಸಿ ಮುಳ್ಳನ್ನು ಎಳೆಯುವ ಆಲೋಚನೆಯನ್ನು ಮಾತ್ರ ಕೈಬಿಟ್ಟಿದ್ದೇನೆ. ಹಾಗೆ ಇಳಿಸಿದ್ದನ್ನು ಜೀವನಪೂರ್ತಿ ಅಷ್ಟೇ ಕಡಿಮೆ ತಿಂದು ಕಾಯುವ ತಾಳ್ಮೆ ನನ್ನಲ್ಲಿಲ್ಲವೆಂಬುದು ನನಗೆ ಗೊತ್ತು.

ಯುಗಾದಿಯ ಹೊತ್ತಿಗೆ ಮುಳ್ಳು 82ಕ್ಕೆ ಹೋಗಿ, ಹೊಸತೊಡಕಿನ ಮಾರನೆಯ ವಾರ ಮತ್ತೆ 83ಕ್ಕೆ ಬಂದಿದೆ. ರಕ್ತಪರೀಕ್ಷೆಯ ಅಂಕ 5.8. ವೈದ್ಯರು ಇನ್ನು ಮೂರು ತಿಂಗಳಿಗೆ ಬರಲು ಬರೆದುಕೊಟ್ಟಿದ್ದಾರೆ. ಅಕ್ಕ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಮತ್ತೆ ವಾಕಿಂಗ್ ಶುರು ಮಾಡಿದ್ದಾಳೆ. ಅವಳ ಪರೀಕ್ಷೆಯೂ ಅದೇ ವಾರ ಬರುವಂತೆ ನೋಡಿಕೊಂಡಿದ್ದೇವೆ. ಇಬ್ಬರ ರಿಪೋರ್ಟನ್ನೂ ಒಟ್ಟಿಗೇ ಬಿಡಿಸಬೇಕು, ಯಾರೂ ಮೊದಲೇ ಕದ್ದು ನೋಡಕೂಡದು ಎಂಬುದು ಅವಳ ಷರತ್ತು.